ಕೌದಿಯೊಳಗಿನ ಲಾಂಛನ

ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರ ಸಮವಸ್ತ್ರ, ಪದಕಗಳನ್ನು ಸಂಗ್ರಹಿಸುವವನು ನಾನು. ಇಂದು ಅಕ್ಕಲಕೋಟೆ ಹತ್ತಿರದ ನಾಗಣಸೂರಿನಲ್ಲಿ, ಪರಿಚಯದ ಮಹಾದೇವಿಯವರ ಪಡಸಾಲೆಯಲ್ಲಿ ಚಹಾ ಕುಡಿಯುವಾಗ, ನನಗೆಂದು ಹಾಸಿದ್ದ, ಹಳೆ ಬಟ್ಟೆ ತುಂಡುಗಳನ್ನು ಹೊಲಿದ ಕೌದಿಯಲ್ಲಿ ಆ ಸೈನಿಕರ ತೋಳಿನ ಲಾಂಛನ ಕಂಡಿತು: ಕೆಂಪು-ಬಿಳಿ ಪಟ್ಟೆ, ಮೇಲೆ ಸೂರ್ಯ, ನಕ್ಷತ್ರ. ಆಗ ನಮ್ಮ ದೇಶದ ದರ್ಜಿಗಳೇ ಕೈಯಿಂದ ಕಸೂತಿ ಹಾಕಿದಂಥದ್ದು, ವರ್ಷಗಟ್ಟಲೆ ಹುಡುಕಿದ್ದೆ.

“ನಮ್ಮತ್ತಿ ಸೊಲ್ಲಾಪುರ ಬಜಾರದಾಗಿಂದ ತಂದ ಹಳೀ ಕೋಟ ಹರದು ಹೊಲದಾರ್ರಿ. ಬೇಕೇನ್ರಿ?” ಎಂದರು ಮಹಾದೇವಿ, ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು.

“ಅತ್ತೆಯವರ ಕೈಕೆಲಸ, ಕತ್ತರಿಸಬೇಡಿ” ಎಂದೆ.

“ನಿಮಗ ಅದರ ಕಿಮ್ಮತ್ತ ಗೊತ್ತೈತಿ, ಒಯ್ರಿ. ಜಾಗಾ ಖಾಲಿ ಬಿಡಬಾರದು, ನಿಮ್ಮ ದಸ್ತಿ ಕೊಡ್ರಿ.”

ಕಿಸೆಯ ಕರವಸ್ತ್ರ ಕೊಟ್ಟೆ. ಹೊಲಿಗೆ ಬಿಚ್ಚಿ ಲಾಂಛನವನ್ನು ನನ್ನ ಅಂಗೈಯಲ್ಲಿಟ್ಟರು. ಅಲ್ಲಿ ಕರವಸ್ತ್ರ ಹೊಲಿದು, ಕೌದಿ ಕೊಡವಿ ಮತ್ತೆ ಹಾಸಿದರು.

“ಕುಂದರ್ರಿ, ಊಟಾ ಮಾಡಿ ಹೋಗ್ರಿ.”