ಹನ್ನೊಂದು ಮನೆಯ ಓಟು

ಗಿರಿಜಕ್ಕ, ನಿಮ್ಮ ಕಾಲೋನಿಗೆ ಬರಬೇಕಿದ್ದ ನಲ್ಲಿಯನ್ನು ತಪ್ಪಿಸಿದವಳು ನಾನು. ಅಧ್ಯಕ್ಷರಲ್ಲ, ಮೇಲಿನ ಆಫೀಸಿನವರಲ್ಲ — ಪಂಚಾಯಿತಿಯ ಕಂಪ್ಯೂಟರಿನ ಮುಂದೆ ಕೂತು ನಿಮ್ಮ ಅರ್ಜಿಗಳನ್ನೆಲ್ಲ ತುಂಬಿಕೊಡುವ ಇದೇ ಸುಮಿತ್ರಾ.

ಮೂರು ವರ್ಷದ ಹಿಂದೆ, ಊರಿನ ಕೆಲಸವನ್ನು ಊರವರೇ ಆರಿಸಲಿ ಎಂದು ಪಂಚಾಯಿತಿ ಒಂದು ಆಪ್ ತಂದಿತು. ಮನೆಗೊಂದು ಓಟು. ನಿಮ್ಮ ಕಾಲೋನಿಗೆ ನೀರಿನ ಪೈಪೋ, ನಮ್ಮ ಬದಿಯ ರಸ್ತೆಗೆ ಕಾಂಕ್ರೀಟೋ — ಎರಡರಲ್ಲಿ ಒಂದು. ನಮ್ಮ ಬದಿಯವರು ಹರಿಹರಪುರದ ಬಸ್ಸಿಗೆ ಕಾಯುತ್ತಲೇ ಫೋನಿನಲ್ಲಿ ಒತ್ತಿ ಮುಗಿಸಿದರು. ನೀವು ಅರ್ಧ ದಿನದ ಕೂಲಿ ಬಿಟ್ಟು, ಹನ್ನೊಂದು ಮನೆಯ ಬಟನ್ ಫೋನುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ನನ್ನ ಮೇಜಿಗೆ ತಂದಿರಿ. ರೇಷನ್ನಿಗೂ ಪೆನ್ಷನ್ನಿಗೂ ಹಾಗೆಯೇ ತರುತ್ತಿದ್ದಿರಿ. ಓಟಿಪಿ ಬಂದರೆ ಫೋನನ್ನೇ ನನ್ನ ಕೈಗಿಡುವುದು ನಿಮ್ಮಲ್ಲಿ ರೂಢಿ. ಆ ಫೋನುಗಳಲ್ಲಿ ಆಪ್ ನಡೆಯದು; ಅವಕ್ಕೆ ಬಂದ ಓಟಿಪಿ ಹಾಕಿ ನನ್ನ ಕಂಪ್ಯೂಟರಿನಲ್ಲಿ ನಾನೇ ಒತ್ತಬೇಕಿತ್ತು.

"ನೀರಿಗೆ ಒತ್ತು ಮಾರಾಯ್ತಿ. ಹಳ್ಳದಿಂದ ಹೊತ್ತು ಹೊತ್ತು ಸೊಂಟ ಬಿದ್ದೋಯ್ತು," ಅಂದಿರಿ.

ನಾನು ರಸ್ತೆಗೆ ಒತ್ತಿದೆ. ಹನ್ನೊಂದು ಸಲ. ಮೊದಲನೆಯದಕ್ಕೆ ಬೆರಳು ತಡವರಿಸಿತು — ಆಮೇಲೆ ಅದೂ ಇಲ್ಲ. ನಮ್ಮ ಮನೆ ಆ ರಸ್ತೆಯ ತುದಿಯಲ್ಲಿ. ಸ್ಕೂಟರ್ ಜಾರಿ ಎರಡು ಸಲ ಬಿದ್ದಿದ್ದೆ. ಇದೂ ಒಂದು ಕಾರಣವೇ? ನಮ್ಮ ಅಡುಗೆಮನೆಯಲ್ಲಿ ನಲ್ಲಿ ಇತ್ತಲ್ಲ... ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುತ್ತಾರೆ, ಅದು ನಾನೇ.

ರಸ್ತೆ ಏಳು ಓಟಿನಿಂದ ಗೆದ್ದಿತು. ನೀವು ನನ್ನ ಮೇಲೆ ಅನುಮಾನ ಕೂಡ ಪಡಲಿಲ್ಲ. "ನಮ್ಮದು ಹಳೇ ಫೋನು ಅಲ್ದಾ, ಓಟು ಅಲ್ಲಿ ತನಕ ಮುಟ್ಟಿಲ್ಲ ಕಾಣ್ತದೆ," ಅಂದು ಹೊರಟಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು — ಬಿಡಲಿಲ್ಲ.

ಅಂದಿನಿಂದ ಕಾಲೋನಿಯ ಒಬ್ಬರೂ ಗ್ರಾಮಸಭೆಗೆ ಬಂದಿಲ್ಲ. ಮೊದಲೆಲ್ಲ ಮುಂದಿನ ಸಾಲಲ್ಲಿ ಕೂತು ಅಧ್ಯಕ್ಷರನ್ನೇ ದಬಾಯಿಸುತ್ತಿದ್ದವರು ನೀವು. ಈಗ ಕರೆಯಲು ಬಂದರೆ, "ನಾವ್ ಹೇಳಿದ್ದು ಯಾರು ಕೇಳ್ತಾರೆ, ಬಿಡು," ಅನ್ನುತ್ತೀರಿ. ನಾನು ಕಿತ್ತುಕೊಂಡದ್ದು ನೀರನ್ನಷ್ಟೇ ಅಲ್ಲ ಎಂದು ಆಗ ಹೊಳೆಯುತ್ತದೆ. ನಿಮ್ಮ ಮುಖ ನೋಡಲು ನಾಚಿಕೆಯಾಗುತ್ತದೆ.

ನಾಳೆ ಗ್ರಾಮಸಭೆ. ಕೆಲಸ ಹೋದರೆ ಹೋಗಲಿ, ಎಲ್ಲರೆದುರು ಹೇಳುತ್ತೇನೆ. ಆದರೆ ನೀವು ಅಲ್ಲಿ ಇರುವುದಿಲ್ಲ — ಅದಕ್ಕೇ ಇದನ್ನೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಇವತ್ತು ಮೊದಲು ನಿಮ್ಮ ಮನೆಗೆ ಬರುತ್ತಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಬೈದರೆ ಕೂತು ಕೇಳಿಸಿಕೊಳ್ಳುತ್ತೇನೆ. ತಪ್ಪು ನಿಮ್ಮದಲ್ಲ, ನಿಮ್ಮ ಫೋನಿನದೂ ಅಲ್ಲ ಅನ್ನುವುದೊಂದನ್ನು ಮಾತ್ರ ನೀವು ನಂಬಬೇಕು — ನನ್ನ ಮಾತನ್ನು ಇನ್ನು ಯಾಕೆ ನಂಬುತ್ತೀರಿ?