ಪಂಚೆಗೆ ಹತ್ತಿದ ಸಂಜೆ

ನಿನ್ನೆ ಪೆಟ್ಟಿಗೆ ತೆಗೆದರೆ ನನ್ನ ಮದುವೆಯ ಪಂಚೆ ಕೈಗೆ ಬಂತು. ಬಿಳಿ ಪಂಚೆ ಎಂದರೆ ಸುಳ್ಳಾದೀತು, ಈಗ ಅದಕ್ಕೆ ಹಣ್ಣು ಕಿತ್ತಳೆಯ ಬಣ್ಣ. ಮೂಗಿಗೆ ಹಿಡಿದರೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನ, ಅದೇ ಚೊಗರಿನ, ವಾಸನೆ ಇನ್ನೂ ಇದೆ. ನಿಮಗೆ ಹೇಳದೆ ಮಡಚಿಡಲು ಮನಸ್ಸಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರು ಹಿರೇಕೊಡಿಗೆಗೆ ಸಣ್ಣದೊಂದು ಸಿನಿಮಾ ತಂಡ ಬಂದಿತ್ತು. ನಾನು ಊರು ತೋರಿಸುವ ನೆಪದಲ್ಲಿ ಅವರ ಊಟಕ್ಕೆ ಸೇರಿಕೊಂಡವನು. ಕ್ಯಾಮೆರಾ ಶಾಲಿನಿಯದು; ಅವಳಿಗದು ಮೊದಲ ಚಿತ್ರ. ಬೆಳಕಿನ ಬಣ್ಣವನ್ನು ಅಂಕಿಯಲ್ಲಿ ಹೇಳುವ ಮೀಟರೊಂದು ಸದಾ ಅವಳ ಕೊರಳಲ್ಲಿ. ಅಕ್ಕ ತಂಗಿ ಮುನಿಸು ಮರೆಯುವ ದೃಶ್ಯದ ಅರ್ಧವನ್ನು ಎನ್.ಆರ್.ಪುರದ ಹಿನ್ನೀರಿನ ದಡದಲ್ಲಿ ತೆಗೆದು, ಮುಳುಗುವ ಸೂರ್ಯನ ಅಂಕಿಯನ್ನು ಅಂಗೈಯಲ್ಲಿ ಬರೆದುಕೊಂಡಿದ್ದಳು.

ಉಳಿದರ್ಧ ಮರುದಿನ, ನಮ್ಮೂರಿನ ಮನೆಯೊಂದರೊಳಗೆ, ಅದೇ ಸಂಜೆ ಎಂಬಂತೆ. ನೋಡಿದರೆ ಬೆಳಗಿನಿಂದ ಮೋಡ. ಅಕ್ಕನ ಪಾತ್ರದವರು ಮಾರನೆಯ ದಿನ ಹೊರಡುವವರು. ದೀಪದ ಮುಂದೆ ಯಾವ ಬಣ್ಣದ ಹಾಳೆ ಕಟ್ಟಿದರೂ ಅಂಕಿ ಕೂಡಲಿಲ್ಲ. ಶಾಲಿನಿ ಅಂಗಳಕ್ಕೆ ಬಂದು ಅಳುವಂತೆ ನಿಂತಳು.

ಅಲ್ಲಿ ಕೆಲಸಕ್ಕೆ ಬಂದಿದ್ದ ಮೇಗುಂದದ ಗಿರಿಜಕ್ಕ ಹಂಡೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಮೀಟರು ಕಂಡು ಕೇಳಿದರು, “ಎಂತ ಮಾರಾಯ್ತಿ, ಬಿಸಿಲಿಗೂ ತಕ್ಕಡಿಯಾ?”

“ತೂಗೋದಲ್ಲ ಗಿರಿಜಕ್ಕ. ನಿನ್ನೆ ಸಂಜೆಯ ಬಣ್ಣ ಬೇಕು, ಸಿಗ್ತಿಲ್ಲ.”

“ಅದೇ ಬಣ್ಣ ಈ ಹಂಡೆಯಲ್ಲಿ ಉಂಟಲ್ಲ!”

ಗಿರಿಜಕ್ಕ ತಮಾಷೆಗೆ ಅಂದದ್ದು. ಶಾಲಿನಿ ಮಾತ್ರ ಹಂಡೆಯನ್ನೇ ನೋಡಿದಳು. “ಒಂದು ಬಿಳಿ ಬಟ್ಟೆ ಸಿಗುತ್ತಾ?”

ಎಲ್ಲರ ಕಣ್ಣೂ ನನ್ನ ಸೊಂಟದ ಮೇಲೆ ಬಿತ್ತು. ನನ್ನನ್ನೂ ದೃಶ್ಯದ ಯಾವುದಾದರೂ ಮೂಲೆಯಲ್ಲಿ ನಿಲ್ಲಿಸಿಯಾರು ಎಂಬ ಆಸೆಗೆ ಮದುವೆಯ ಪಂಚೆ ಉಟ್ಟು ಹೋಗಿದ್ದೆ. “ಬಿಚ್ಚು ಮಾರಾಯ, ಒಳಗೆ ಚಡ್ಡಿ ಉಂಟಲ್ಲ!” ಎಂದರು ಗಿರಿಜಕ್ಕ.

ಅದ್ದಿ, ಹಿಂಡಿ, ದೀಪದ ಮುಂದೆ ಹಿಡಿದದ್ದಾಯಿತು. ಮೀಟರು ಕೆಂಪು ಹೆಚ್ಚು ಎಂದಿತು. ಗಿರಿಜಕ್ಕ ಮೀಟರು ನೋಡಲೇ ಇಲ್ಲ. “ಇದು ನಾಲ್ಕು ಸಲ ಬೇಯಿಸಿದ ಚೊಗರು, ದಪ್ಪ. ನಿಂದು ಸಂಜೆ ದಾಟಿ ಹೋಯ್ತು. ತೊಳಿ.” ತೊಳೆದರು. “ಇನ್ನೊಂದು ನೀರು.” ಮತ್ತೆ ತೊಳೆದರು. “ಹಾಂ, ಸಾಕು.”

ಶಾಲಿನಿ ಮೀಟರು ನೋಡಿದಳು, ಅಂಗೈ ನೋಡಿದಳು. ಗಿರಿಜಕ್ಕನ ಚೊಗರು ಹತ್ತಿದ ಕೈ ಹಿಡಿದುಕೊಂಡಳು. ಆಮೇಲೆ ಒಳಗೋಡಿ ದೃಶ್ಯ ಮುಗಿಸಿದಳು.

ಆ ಚಿತ್ರದಲ್ಲಿ ನಾನು ಎಲ್ಲೂ ಇಲ್ಲ. ನನ್ನ ಪಂಚೆ ಮಾತ್ರ ಅಕ್ಕ ತಂಗಿಯರ ಕೆನ್ನೆಯ ಮೇಲಿದೆ. ಮದುವೆಯ ಪಂಚೆ ಹಾಳು ಮಾಡಿದಿರಿ ಎಂದು ನನ್ನವಳು ವಾರ ಮಾತು ಬಿಟ್ಟಿದ್ದಳು. ಅಂದಿನಿಂದ ಅದು ಪೆಟ್ಟಿಗೆಯ ತಳದಲ್ಲೇ.

ಇವತ್ತು ಮಧ್ಯಾಹ್ನ ಅದನ್ನು ಕಿಟಕಿಗೆ ಕಟ್ಟಿದೆ. ಕೆಳಗೆ ಕೂತು ಸೊಪ್ಪು ಸೋಸುತ್ತಿದ್ದ ನನ್ನವಳು ತಲೆಯೆತ್ತಿದಳು. ಮುಖದ ತುಂಬ ಹಿನ್ನೀರಿನ ಸಂಜೆ.

“ಇಷ್ಟು ಬೇಗ ಹೊತ್ತು ಮುಳುಗಿತಾ?” ಎಂದವಳು ಪಂಚೆಯನ್ನು ಕಂಡಳು. ಬಿಚ್ಚಲು ಹೋದೆ.

“ಇರಲಿ ಬಿಡಿ” ಎಂದಳು.