ಸೊಸೆಯನ್ನು ಯಾರೂ ಕೇಳಲಿಲ್ಲ

ನನ್ನ ಮೊಮ್ಮಗಳಿಗೆ ಈಗ ಒಂದೂವರೆ ವರ್ಷ. ಬೆಳಗ್ಗೆ ಎದ್ದ ಕೂಡಲೇ ನನ್ನ ಸೆರಗು ಹಿಡಿದು ಮಗ್ಗದ ಮನೆಗೆ ಎಳೆದುಕೊಂಡು ಹೋಗುತ್ತಾಳೆ. ಬಣ್ಣದ ನೂಲು ಸುತ್ತಿದ ಕಂಡಿಕೆಗಳನ್ನು ಒಂದೊಂದಾಗಿ ನನ್ನ ಮಡಿಲಿಗೆ ಹಾಕುತ್ತಾಳೆ, ತುಂಬಿದ ಮೇಲೆ ಎಲ್ಲವನ್ನೂ ನೆಲಕ್ಕೆ ಸುರಿದು ಚಪ್ಪಾಳೆ ತಟ್ಟುತ್ತಾಳೆ. ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇದೆ, ಥೇಟ್ ನನ್ನದೇ. ಇಷ್ಟು ಸಂತೋಷ ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ನಾಲ್ಕನೇ ಕ್ಲಾಸು ಓದಿದ ನಾನು ಬರೆಯಲು ಕೂತದ್ದೇ ಅವಳ ಬಗ್ಗೆ ಹೇಳಿಕೊಳ್ಳಬೇಕು ಅಂತ. ಆದರೆ ಬರೆಯುತ್ತಾ ಹೋದರೆ ಅವಳು ಹುಟ್ಟಿದ ದಿನವೇ ಅಡ್ಡ ಬಂದು ನಿಲ್ಲುತ್ತದೆ.

ನಾವು ದೊಡ್ಡಬಳ್ಳಾಪುರದ ನೇಯ್ಗೆಯವರು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ. ನಲವತ್ತು ವರ್ಷ ಆ ಸದ್ದಿನಲ್ಲಿ ಕೂತು ನನ್ನ ಕಿವಿ ಹೋಗಿದೆ. ಎಡಗಿವಿ ಪೂರ್ತಿ, ಬಲಗಿವಿ ಮುಕ್ಕಾಲು. ಮಗ್ಗ ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಎದುರಿಗೆ ಬಂದವರ ತುಟಿ ಆಡಿದರೆ ತಲೆ ಆಡಿಸಿ ಕಳಿಸುತ್ತೇವೆ, ನಿಜವಾಗಿ ಬೇಕಾದವರು ಮತ್ತೆ ಬರುತ್ತಾರೆ. ಶೆಡ್ಡಿನಿಂದ ಹೊರಗೆ ಬಂದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಕಿವಿ ಕೇಳುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದಕ್ಕೆ ನನಗೆ ನಾಚಿಕೆ.

ಸೊಸೆಗೆ ಅದು ಎರಡನೇ ಹೆರಿಗೆ. ಮೊದಲನೆಯದು ಗಂಡು, ಎಂಟನೇ ದಿನಕ್ಕೆ ಹೋಗಿಬಿಟ್ಟಿತ್ತು. ಈ ಸಲ ನೋವು ಶುರುವಾದಾಗ ಮಗ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ. ನಾನೇ ಆಟೊ ಮಾಡಿಕೊಂಡು ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ಹೊಟ್ಟೆ ಕೊಯ್ದು ಮಗು ತೆಗೆಯಬೇಕು ಅಂದರು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ಅವಳಿಗೆ ಪೂರ್ತಿ ಎಚ್ಚರವಿತ್ತು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಾಗಿಲು ತೆರೆದು ಬಟ್ಟೆಯಲ್ಲಿ ಸುತ್ತಿದ ಹೆಣ್ಣುಮಗುವನ್ನು ತೋರಿಸಿದಳು. ಅಳು ನನಗೆ ಕೇಳಿಸಲಿಲ್ಲ, ಅಳುವ ಬಾಯಿ ಕಂಡಿತು. ಬದುಕಿತ್ತು, ಕೈಕಾಲು ಆಡುತ್ತಿತ್ತು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಸಿಸ್ಟರ್ ಮಾಸ್ಕ್ ಹಾಕಿದ್ದಳು, ತುಟಿಯೂ ಕಾಣುತ್ತಿರಲಿಲ್ಲ. ಏನೋ ಕೇಳಿದಳು, ತಲೆ ಆಡಿಸಿದೆ. ಮತ್ತೇನೋ ಕೇಳಿದಳು, ಅದಕ್ಕೂ ಆಡಿಸಿದೆ. ಕಾಗದ ಕೊಟ್ಟಳು, ಬೆರಳು ತೋರಿಸಿದ ಕಡೆ ಸೈ ಹಾಕಿದೆ. ಆ ಗಳಿಗೆಯಲ್ಲಿ ಮನೆಯನ್ನೇ ಬರೆದುಕೊಡು ಅಂದಿದ್ದರೂ ಹಾಕುತ್ತಿದ್ದೆ.

ಎರಡು ತಿಂಗಳಾದ ಮೇಲೆ ಮಗುವಿನ ತೂಕ ನೋಡಲು ಆಶಾ ಕಾರ್ಯಕರ್ತೆ ಬಂದಳು. ಮುಂದಿನ ಮಗುವಿಗೆ ಅಂತರ ಇಡುವ ವಿಷಯ ಹೇಳೋಣ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ಓದಿದಳು. ಓದಿ, ನಿಮಗೆ ಅದೆಲ್ಲ ಬೇಡ ಬಿಡಿ, ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆಯಲ್ಲ ಅಂದಳಂತೆ. ಸೊಸೆ ಅವತ್ತೇ ನರ್ಸಿಂಗ್ ಹೋಮಿಗೆ ಹೋದಳು. ಅವರು ನನ್ನ ಸೈ ತೋರಿಸಿದರು. ಎರಡನೇ ಹೆರಿಗೆ, ಮನೆಯ ಹಿರಿಯರು ಒಪ್ಪಿದ್ದಾರೆ ಅಂದರು. ಹೆರಿಗೆ ಎಣಿಸಿದ್ದರು, ಮಕ್ಕಳನ್ನು ಎಣಿಸಿರಲಿಲ್ಲ.

ಮನೆಗೆ ಬಂದವಳು ನನ್ನೆದುರು ನಿಂತು ಗಟ್ಟಿಯಾಗಿ ಕೇಳಿದಳು: "ನನ್ ಹೊಟ್ಟೆ ಬಗ್ಗೆ ಹೇಳೋಕೆ ನೀವ್ಯಾರು ಅತ್ತೆ?"

ಕೇಳಿಸಲಿಲ್ಲ ಕಣವ್ವ ಅನ್ನಬೇಕಿತ್ತು. ಅನ್ನಲಿಲ್ಲ. ಹಿರಿಯಳು ನಾನು, ಒಳ್ಳೆಯದಕ್ಕೇ ಮಾಡಿದೆ ಅಂದುಬಿಟ್ಟೆ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಜೋರಿನವಳು ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತ್ತು. ಅದಾದ ಮೇಲೆ ತಿಂಗಳುಗಟ್ಟಲೆ ಅವಳು ನನಗೆ ಊಟ ಬಡಿಸುತ್ತಿದ್ದಳು, ಮಗುವನ್ನು ಕೈಗೆ ಕೊಡುತ್ತಿದ್ದಳು, ಮಾತಿಲ್ಲ.

ಅವಳು ದೂರು ಕೊಟ್ಟಳು. ಆರೋಗ್ಯ ಇಲಾಖೆಯವರು ವಿಚಾರಣೆಗೆ ಕರೆದರು. ಸೊಸೆ ಒಳಗೆ ಬಾಯಿಮಾತಿನಲ್ಲಿ ಒಪ್ಪಿದ್ದಳು, ಅತ್ತೆ ಹೊರಗೆ ಸೈ ಹಾಕಿದಳು ಅಂತ ನರ್ಸಿಂಗ್ ಹೋಮಿನವರು ಬರೆದುಕೊಟ್ಟಿದ್ದರು. ನಾನೂ ಹಾಗೇ ಹೇಳಿದರೆ ದೂರು ಅಲ್ಲಿಗೆ ಮುಗಿಯುತ್ತಿತ್ತು. ಮಗನಿಗೆ ಬೇಕಾಗಿದ್ದೂ ಅದೇ. ಹೊರಡುವ ಮುಂಚೆ ನನ್ನ ಬಲಗಿವಿಗೆ ಬಾಯಿಟ್ಟು ಹೇಳಿದ: "ಅವಳೇ ಸಾಕು ಅಂದಿದ್ಲು ಅಂತ ಅಂದ್ಬಿಡಮ್ಮ. ಕೋರ್ಟು ಗೀರ್ಟು ಅಂತ ಅಲೆಯೋಕಾಗಲ್ಲ. ಹೋಗಿದ್ದೇನೂ ವಾಪಸ್ ಬರಲ್ಲ."

ತಲೆ ಆಡಿಸಿದೆ. ಈ ಸಲ ಕೇಳಿಸಿತ್ತು.

ಅಧಿಕಾರಿ ಚಿಕ್ಕ ವಯಸ್ಸಿನವರು, ಮೆಲುದನಿಯವರು. ಕಾಗದವನ್ನು ನನ್ನ ಮುಂದಿಟ್ಟು ಏನೋ ಕೇಳಿದರು. ನನ್ನ ತಲೆ ತಾನಾಗಿಯೇ ಆಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಸೊಸೆ ಕಣ್ಣು ಮುಚ್ಚಿಕೊಂಡಳು. ಅದನ್ನು ನೋಡಿ ನಿಲ್ಲಿಸಿದೆ.

"ನೀವೇನ್ ಕೇಳಿದ್ರೋ ನನಗೆ ಗೊತ್ತಾಗ್ಲಿಲ್ಲ ಸ್ವಾಮಿ," ಅಂದೆ. "ಅವತ್ತೂ ಹಿಂಗೇ. ಕಿವಿ ಇಲ್ಲ ನನಗೆ, ಸುಮ್ನೆ ತಲೆ ಆಡಿಸ್ದೆ. ಇವಳು ಸಾಕು ಅಂದಿದ್ದು ಸುಳ್ಳು. ಇನ್ನೊಂದು ಬೇಕು ಅಂತ ಬಸುರಿ ಇದ್ದಾಗ್ಲೇ ಹೇಳೋಳು."

ಅಧಿಕಾರಿ ಬರೆದುಕೊಂಡರು. ಮಗ ಎದ್ದು ಹೊರಗೆ ಹೋದ. ಸೊಸೆ ಕುರ್ಚಿ ಬದಲಾಯಿಸಿ ನನ್ನ ಬಲಗಡೆಗೆ ಬಂದು ಕೂತಳು. ಕ್ಷಮಿಸಿಬಿಟ್ಟಳು ಅಂದುಕೊಂಡೆ.

"ನಿಮ್ ಕಿವಿ ಸರಿಯಾಗಿದ್ದಿದ್ರೂ ಅಷ್ಟೇ ಅತ್ತೆ," ಅಂದಳು. "ಕೇಳ್ಬೇಕಾಗಿದ್ದು ನನ್ನನ್ನ. ನಾನಲ್ಲೇ ಕಣ್ಬಿಟ್ಕೊಂಡು ಮಲಗಿದ್ದೆ."

ಅಧಿಕಾರಿ ಅದನ್ನೂ ಬರೆದುಕೊಂಡರು.

ನರ್ಸಿಂಗ್ ಹೋಮಿಗೆ ನೋಟಿಸು ಹೋಗಿದೆ. ಆ ಸಿಸ್ಟರನ್ನು ಕೆಲಸದಿಂದ ತೆಗೆದರಂತೆ. ಕೊಯ್ದ ಡಾಕ್ಟರು ಅಲ್ಲೇ ಇದ್ದಾರೆ. ಅವತ್ತು ಕತ್ತರಿಸಿದ ನಾಳ ಮತ್ತೆ ಜೋಡಿಸಬಹುದು, ಆದರೆ ಮಗು ಆಗೇ ಆಗುತ್ತದೆ ಅಂತ ಹೇಳಲಾಗದು ಅಂತ ಬೆಂಗಳೂರಿನ ಡಾಕ್ಟರೊಬ್ಬರು ಹೇಳಿದ್ದಾರೆ. ಇನ್ನೊಮ್ಮೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕೋ ಬೇಡವೋ, ಸೊಸೆ ಇನ್ನೂ ಹೇಳಿಲ್ಲ. ನೀನೇನಂತೀಯಾ ಅಂತ ಮಗ ಎರಡು ಸಲ ನನ್ನನ್ನು ಕೇಳಿದ. ನನ್ನನ್ನು ಕೇಳಬೇಡ ಅಂದೆ.

ಮೊಮ್ಮಗಳು ಈಗ ಅಜ್ಜಿ ಅನ್ನುತ್ತಾಳೆ. ಗೊತ್ತಾಗಲಿ ಅಂತ ನನ್ನ ಕೆನ್ನೆ ಹಿಡಿದು ತಿರುಗಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು ಅನ್ನುತ್ತಾಳೆ, ದಿನಕ್ಕೆ ನೂರು ಸಲ. ನನಗೆ ಎದೆ ತುಂಬಿ ಬಂದು ಜೋರಾಗಿ ನಕ್ಕುಬಿಡುತ್ತೇನೆ. ಆಮೇಲೆ, ಸೊಸೆ ಎಲ್ಲಿದ್ದಾಳೆ ಅಂತ ತಿರುಗಿ ನೋಡುತ್ತೇನೆ.